ಮೈಲ್‌ಸಾಮಿಯ ಏಳನೆಯ ಕಡ್ಡಿ

ಕೋಳಿ ಕೂಗಿ ಇನ್ನೂ ಮುಗಿದಿಲ್ಲ. ವೆಳ್ಳಕೋಯಿಲ್‌ನಿಂದ ಎರಡು ಮೈಲಿ ಒಳಕ್ಕಿರುವ ನೇಕಾರರ ಹಳ್ಳಿಯ ಬಡಗು ಬೀದಿಯಲ್ಲಿ ಮೈಲ್‌ಸಾಮಿ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಾರೆ. ಏನೋ ಕಳೆದುಕೊಂಡು ಹುಡುಕುತ್ತಿರುವ ಹಾಗೆ ಕಾಣುತ್ತದೆ, ಆದರೆ ಅವರು ಹುಡುಕುತ್ತಿರುವುದು ಗೂಟಗಳನ್ನು. ಬೀದಿಯ ಆ ತುದಿಯಲ್ಲಿ ಎರಡು, ಈ ತುದಿಯಲ್ಲಿ ಎರಡು, ನಡುವೆ ಹತ್ತು ಹೆಜ್ಜೆಗೊಂದು ಕವಲುಕಡ್ಡಿ. ಹೊಸದಾಗಿ ಬಡಿದ ಗೂಟದ ಬುಡದ ಮಣ್ಣನ್ನು ಕಾಲ ಹೆಬ್ಬೆರಳಿನಿಂದ ಒತ್ತಿ ನೋಡಿ, ಹೆಗಲ ಮೇಲಿನ ಚೀಲದಿಂದ ಒಂದು ಗಿಡ್ಡ ಕಡ್ಡಿ ತೆಗೆದು, ಅದಕ್ಕೆ ಒಂದೊಂದೇ ನೂಲೆಳೆ ಕಟ್ಟತೊಡಗುತ್ತಾರೆ.

"ಏನ್ ಮಾಮ, ಎಣಿಸಾಯ್ತಾ?" ಎಂದು ಕೇಳುತ್ತಾರೆ ತಿರುಮಲೈಸಾಮಿ. ಈ ದಿನದ ಗೂಟ ಅವರದು. ಕೈಯಲ್ಲಿ ಗಂಜಿಯ ಮಡಕೆ.

"ನಿಂದು ಆಯ್ತು. ನಿನ್ ತಮ್ಮಂದು ಆಯ್ತು. ಇನ್ನು ಆರು ಮಂದಿ ಯಾರ್‌ಯಾರು ಹೇಳು, ಬೇಗ."

ತಿರುಮಲೈಸಾಮಿ ಹೇಳುತ್ತಾರೆ, ಮೈಲ್‌ಸಾಮಿ ಕಟ್ಟುತ್ತಾರೆ. ಎಂಟು ಜನ, ಎಂಟು ಎಳೆ. ಆಮೇಲೆ ಆ ಕಡ್ಡಿಯನ್ನು ಚೀಲದಲ್ಲಿರುವ ಬೇರೆ ಕಡ್ಡಿಗಳ ಪಕ್ಕ ಹಿಡಿದು, ಬೆಳಕು ಸಾಲದೆ ಕಣ್ಣು ಕಿರಿದು ಮಾಡಿ ನೋಡುತ್ತಾರೆ. "ನೂಲು ಕಮಿಟಿ ಬೆಳಿಗ್ಗೆ ಕೂಡೋ ಹಾಗಿಲ್ಲ. ಮಧ್ಯಾಹ್ನಕ್ಕೆ ಹೋಯ್ತು" ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಮುಂದಕ್ಕೆ ಹೊರಡುತ್ತಾರೆ. ಈ ಸಂಘದ ಕಮಿಟಿಗಳು ಯಾವ ದಿನ, ಯಾವ ಹೊತ್ತಿಗೆ ಕೂಡಬೇಕೆಂಬುದು ತೀರ್ಮಾನವಾಗುವುದು ಹೀಗೆ, ಬೀದಿಯ ಮಣ್ಣಿನಲ್ಲಿ, ಹಲ್ಲುಜ್ಜುವುದಕ್ಕೂ ಮುಂಚೆ.

ಮೈಲ್‌ಸಾಮಿಗೆ ಐವತ್ತು ವರ್ಷ. ನಾಲ್ಕು ಬೀದಿ, ಎರಡು ಪಕ್ಕದ ಹಟ್ಟಿ ಸೇರಿದ ನೇಕಾರರ ಸಂಘಕ್ಕೆ ಇಪ್ಪತ್ತೆರಡು ವರ್ಷಗಳಿಂದ ಓಲೆಕಾರರು. ಓಲೆಕಾರರೆಂಬುದು ಹೆಸರಿಗೆ ಮಾತ್ರ, ಓಲೆ ಓದಲು ಅವರಿಗೆ ಬಾರದು. ಮನೆಯಲ್ಲಿ ಆಡುವ ಕನ್ನಡದ ಅಕ್ಷರವೂ ಗೊತ್ತಿಲ್ಲ, ಬೀದಿಯಲ್ಲಿ ಆಡುವ ತಮಿಳಿನ ಅಕ್ಷರವೂ ಗೊತ್ತಿಲ್ಲ. ಆದರೆ ಸಂಘದ ಆರು ಕಮಿಟಿ, ನಲವತ್ತೆರಡು ಸದಸ್ಯರು, ಅವರಲ್ಲಿ ಒಂದಕ್ಕಿಂತ ಹೆಚ್ಚು ಕಮಿಟಿಯಲ್ಲಿ ಕೂರುವ ಹನ್ನೊಂದು ಮಂದಿ, ಇಷ್ಟೂ ಅವರ ಚೀಲದಲ್ಲಿದೆ.

ಒಂದೊಂದು ಕಮಿಟಿಗೆ ಒಂದೊಂದು ಬಿದಿರ ಕಡ್ಡಿ. ಹಳೆಯ ಮಗ್ಗಗಳಲ್ಲಿ ಹಾಸಿನ ಎಳೆ ಬೇರ್ಪಡಿಸಲು ಬಳಸಿ, ಸವೆದು ನುಣುಪಾದ ಕಡ್ಡಿಗಳವು. ಒಬ್ಬೊಬ್ಬ ಸದಸ್ಯನಿಗೆ ಅವನವನ ಮಗ್ಗದಿಂದಲೇ ತಂದ ಎರಡು ಬಣ್ಣದ ನೂಲಿನ ಹುರಿ. ಅವನು ಯಾವ ಯಾವ ಕಮಿಟಿಯಲ್ಲಿದ್ದಾನೋ ಆ ಆ ಕಡ್ಡಿಯಲ್ಲಿ ಅವನ ಹುರಿ ತೂಗುತ್ತದೆ. ಎರಡು ಕಡ್ಡಿಗಳನ್ನು ಒತ್ತಟ್ಟಿಗೆ ಹಿಡಿದಾಗ ಒಂದೇ ಹುರಿ ಎರಡರಲ್ಲೂ ಕಂಡರೆ ಆ ಎರಡು ಕಮಿಟಿ ಒಂದೇ ಹೊತ್ತಿಗೆ ಕೂಡುವಂತಿಲ್ಲ. "ಒಬ್ಬ ಮನುಷ ಎರಡು ಕಡೆ ಕೂರೋಕಾಗುತ್ತಾ? ಅಷ್ಟೇನುಂಗ ಇದರಲ್ಲಿ ಇರೋದು" ಎನ್ನುತ್ತಾರೆ. ಹೊತ್ತು ಗೊತ್ತಾದ ಮೇಲೆ ಸದಸ್ಯರ ಕದದ ಅಗುಳಿಗೆ ಒಂದು ದಾರ ಕಟ್ಟಿ ಬರುತ್ತಾರೆ. ಒಂದು ಗಂಟಿದ್ದರೆ ಬೆಳಗಿನ ಗಂಜಿಯಾದ ಮೇಲೆ, ಎರಡಿದ್ದರೆ ಮಧ್ಯಾಹ್ನ, ಮೂರಿದ್ದರೆ ದೀಪ ಹಚ್ಚುವ ಹೊತ್ತಿಗೆ. ಸಭೆಯ ವಾರದಲ್ಲಿ ದಿನಕ್ಕೆ ಒಂಬತ್ತು ಮೈಲಿ ನಡಿಗೆ.

ಆ ಗಿಡ್ಡ ಕಡ್ಡಿ ಏಳನೆಯದು. ಅದು ಯಾವ ಕಮಿಟಿಯದೂ ಅಲ್ಲ. ಅದು ಪಾವಿನದು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಅದು ಒಣಗುವಷ್ಟರಲ್ಲಿ ಎರಡೂ ಬದಿಯಿಂದ ಕುಂಚ ಹಿಡಿದು ಬಾಚಿ ಎಳೆ ಎಳೆ ಬಿಡಿಸುವ ಕೆಲಸಕ್ಕೆ ಇಲ್ಲಿ ಪಾವು ಎನ್ನುತ್ತಾರೆ. ಬಿಸಿಲೇರುವ ಮುಂಚೆ ಮುಗಿಯಬೇಕು. ಎಂಟು ಜನ ಬೇಕು, ಏಳಾದರೆ ನಡೆಯುವುದಿಲ್ಲ. ನಡುವೆ ಒಬ್ಬ ಕುಂಚ ಬಿಟ್ಟು ಹೋದರೆ ಅವನ ಭಾಗದ ಎಳೆಗಳು ಗಂಜಿಯಲ್ಲಿ ಅಂಟಿಕೊಂಡು ಒಣಗಿ, ಒಂದು ತಿಂಗಳ ಬಟ್ಟೆ ಮಣ್ಣುಪಾಲು. ಯಾರ ಮನೆಯ ಪಾವು ಯಾವತ್ತು ಬೀಳುತ್ತದೆಂದು ಮುಂಚೆ ಹೇಳಲಾಗದು. ನೂಲು ಸಿದ್ಧವಿರಬೇಕು, ಮೋಡ ಇರಬಾರದು, ಗಾಳಿ ಇರಬಾರದು. ಅದಕ್ಕೇ ಮೈಲ್‌ಸಾಮಿ ದಿನಾ ನಸುಕಿನಲ್ಲಿ ಗೂಟ ಹುಡುಕುವುದು.

ಇಷ್ಟು ಕೆಲಸಕ್ಕೆ ಯಾರಾದರೂ ಶಭಾಸ್ ಎಂದಿದ್ದಾರೆಯೇ ಎಂದು ಕೇಳಿದರೆ ಉತ್ತರ ಒಳಗಿನಿಂದ ಹೆಂಡತಿ ಪಳನಿಯಮ್ಮ ಕೊಡುತ್ತಾರೆ. "ಶಭಾಸ್ ಬೇರೆಯವರಿಗೆ ಹೋಗುತ್ತೆ. ಇವರಿಗೆ ವಯಿರು ಉರಿಯುತ್ತೆ. ಆ ಉರೀಲಿ ನಾನು ಸೋರು ಬೇಯಿಸ್ಕೊಳ್ತೀನಿ, ಸೌದೆ ಮಿಗುತ್ತೆ."

ವಯಿರು ಎಂದರೆ ಹೊಟ್ಟೆ, ಸೋರು ಎಂದರೆ ಅನ್ನ. ಹೆಂಡತಿ ಆಡಿದ್ದು ತಮಾಷೆಗಲ್ಲ. ಮೈಲ್‌ಸಾಮಿ ಹೊಟ್ಟೆಕಿಚ್ಚಿನ ಮನುಷ್ಯ, ಅದನ್ನು ಮುಚ್ಚಿಡುವಷ್ಟು ಜಾಣತನವೂ ಇಲ್ಲ. ಇಪ್ಪತ್ತೆಂಟು ವರ್ಷ ತುಂಬುವ ತನಕ ಬಡಗು ಬೀದಿಯಲ್ಲಿ ಅವರ ಅಂಚಿನಂಥ ಅಂಚು ನೇಯುವವರಿರಲಿಲ್ಲ. ಒಂದು ದಿನ ಬಾವಿಯ ಕಟ್ಟೆಯಿಂದ ಜಾರಿ ಬಿದ್ದರು, ಬಲಭುಜ ಕೂಡಿಕೊಂಡಿತೇ ಹೊರತು ಲಾಳಿ ಎಸೆಯುವ ಹದ ಮರಳಲಿಲ್ಲ. ಆಗಿನಿಂದ ಯಾವ ಮನೆಯ ಮಗ್ಗದ ಸದ್ದು ಕೇಳಿದರೂ ಒಳಗೆ ಏನೋ ಚುರ್ ಎನ್ನುತ್ತದೆ. ನಾಲ್ಕು ಬೀದಿಗಳಲ್ಲಿ ಅರವತ್ತಮೂರು ಮಗ್ಗ. ಬೆಳಗಿನಿಂದ ಸಂಜೆಯವರೆಗೆ ಅರವತ್ತಮೂರು ಕಡೆಯಿಂದ ಹೊಟ್ಟೆ ಉರಿಸಿಕೊಂಡ ಮನುಷ್ಯ ಇನ್ನೇನಾಗಲು ಸಾಧ್ಯ? ಓಲೆಕಾರನ ಕೆಲಸಕ್ಕೆ ಸೇರಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಯೋಚನೆ. ನೇಯುವವರು ನೇಯಲಿ, ಆದರೆ ನಾನು ಗಂಟು ಹಾಕದೆ ಅವರು ಒಟ್ಟಿಗೆ ಕೂರಬಾರದು.

ಹಾಗೇ ಆಯಿತು. ಇಪ್ಪತ್ತೊಂದು ವರ್ಷ ಅವರ ಗಂಟಿಲ್ಲದೆ ಆ ಸಂಘದಲ್ಲಿ ಒಂದು ಕಮಿಟಿಯೂ ಕೂಡಲಿಲ್ಲ. ಸಂಘದ ಯಜಮಾನ ಅಂಗಪ್ಪನ್ ಕೂಡಾ, ಎಪ್ಪತ್ತು ದಾಟಿದ ಹಿರಿಯರು, ಅಗುಳಿ ಮುಟ್ಟಿ ನೋಡದೆ ಮನೆಯಿಂದ ಹೊರಡುತ್ತಿರಲಿಲ್ಲ.

ಆಮೇಲೆ ಪುರಂದರ ಬಂದರು.

ಪುರಂದರ ಕೋಯಮತ್ತೂರಿನ ವಕೀಲರು, ಇಪ್ಪತ್ತಾರು ವರ್ಷ, ಬಿಳಿ ಕೋಟು, ಮೃದು ಮಾತು. ಸಂಘ ಸರ್ಕಾರದಲ್ಲಿ ನೋಂದಣಿಯಾಗಬೇಕಾದಾಗ ಕಾಗದಪತ್ರ ನೋಡಲು ಒಬ್ಬರು ಬೇಕಾದರು, ಸಂಬಳವಿಲ್ಲದ ಕಾರ್ಯದರ್ಶಿಯಾಗಿ ಅವರು ಒಪ್ಪಿಕೊಂಡರು. ಶನಿವಾರ ಶನಿವಾರ ಬಸ್ಸಿನಲ್ಲಿ ಬರುತ್ತಾರೆ. ಹೋದ ವರ್ಷ, ಮದರಾಸಿನಲ್ಲಿ ಹೊಸ ಶಾಸನಸಭೆ ಕೂಡಿದ ಕಾಲಕ್ಕೆ, ಅವರ ತಲೆಯಲ್ಲಿ ಒಂದು ಹುಳು ಹೊಕ್ಕಿತು. ದೊಡ್ಡ ಸಭೆಗಳಿಗೆಲ್ಲ ನಿಯಮವಿದೆ. ಸಭೆ ನಡೆಯುವಾಗ ಕಮಿಟಿ ಕೂಡಬಾರದು, ಒಬ್ಬನೇ ಸದಸ್ಯ ಎರಡರಲ್ಲೂ ಇರುವ ಕಮಿಟಿಗಳು ಒಂದೇ ವೇಳೆಗೆ ಕೂಡಬಾರದು, ಕೂಡಿದರೆ ಅಧ್ಯಕ್ಷರ ಅಪ್ಪಣೆ ಬೇಕು, ಹೀಗೆ. ನಮ್ಮ ಸಂಘಕ್ಕೂ ಅಂಥದೊಂದು ಪುಸ್ತಕ ಏಕಿರಬಾರದು?

ಒಂದು ಮಧ್ಯಾಹ್ನ ಅವರು ಮೈಲ್‌ಸಾಮಿಯ ಜಗಲಿಯ ಮೇಲೆ ಬಂದು ಕುಳಿತು, ಕಡ್ಡಿಗಳನ್ನು ಒಂದೊಂದಾಗಿ ಹಿಡಿಸಿ, ಯಾವ ಹುರಿ ಯಾರದೆಂದು ಕೇಳಿ ಬರೆದುಕೊಂಡರು. ನಾಲ್ಕು ಹಾಳೆ ಹಿಡಿಯಿತು. ಇಪ್ಪತ್ತೊಂದು ವರ್ಷದ ನಡಿಗೆ ನಾಲ್ಕು ಹಾಳೆಯೊಳಗೆ ಮಡಚಿಕೊಂಡು ಕೋಟಿನ ಜೇಬು ಸೇರಿದ್ದನ್ನು ಮೈಲ್‌ಸಾಮಿ ನೋಡುತ್ತ ಕುಳಿತರು. ಏಳುವಾಗ ಪುರಂದರರ ಕಣ್ಣಿಗೆ ಗಿಡ್ಡ ಕಡ್ಡಿ ಬಿತ್ತು.

"ಇದೇನು ಮೈಲ್‌ಸಾಮಿ? ಆರೇ ಕಮಿಟಿ ಅಲ್ಲವೇ ಇರುವುದು?"

"ಸುಮ್ಮೆ ಒಂದು ಕಡ್ಡಿ ಸಾಮಿ. ಬೆನ್ನು ಕೆರೆಯೋಕೆ."

ಪುರಂದರ ನಕ್ಕು ಹೊರಟರು. ಅದೇ ಮೈಲ್‌ಸಾಮಿ ಆಡಿದ ಸುಳ್ಳು. ಎಲ್ಲವನ್ನೂ ಕೊಟ್ಟ ಮೇಲೆ ಇದೊಂದು ತನ್ನದಾಗಿ ಇರಲಿ ಎಂಬ ಹಟ.

ಎರಡು ತಿಂಗಳಲ್ಲಿ ಪುಸ್ತಕ ಅಚ್ಚಾಗಿ ಬಂತು. ತಮಿಳಿನಲ್ಲಿ ಇಪ್ಪತ್ತಮೂರು ನಿಯಮ. ಹದಿನೇಳನೆಯದು ಮೈಲ್‌ಸಾಮಿಯ ಕಡ್ಡಿಗಳೇ, ಅಕ್ಷರದಲ್ಲಿ. ಜೊತೆಗೆ ಗೋಡೆಗೆ ಹೊಡೆಯಲು ಒಂದು ವೇಳಾಪಟ್ಟಿ. ವಾರ್ಷಿಕ ಸಭೆಯಲ್ಲಿ ಪುಸ್ತಕವನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರು, ಕಾರ್ಯದರ್ಶಿಗೆ ಸಂಪಿಗೆ ಹಾರ ಹಾಕಿದರು. ಕೋಯಮತ್ತೂರಿನಿಂದ ಫೋಟೋದವರು ಬಂದಿದ್ದರು. ಬಿಸಿಲು ಜೋರಾಗಿತ್ತು. ಫೋಟೋದ ಪೆಟ್ಟಿಗೆಯ ಮೇಲೆ ಬಿಸಿಲು ಬೀಳಬಾರದೆಂದು ಕೊಡೆ ಹಿಡಿಯಲು ಒಬ್ಬರು ಬೇಕಾದರು. ಅಂಥ ಕೆಲಸಕ್ಕೆ ಯಾರನ್ನು ಕರೆಯುತ್ತಾರೆಂದು ಹೇಳಬೇಕಾಗಿಲ್ಲ. ಆ ಫೋಟೋ ಇವತ್ತಿಗೂ ಸಂಘದ ಗೋಡೆಯ ಮೇಲಿದೆ. ನಲವತ್ತೆರಡು ಸದಸ್ಯರೂ ಇದ್ದಾರೆ, ನಡುವೆ ಪುರಂದರ ಇದ್ದಾರೆ, ಮಡಿಲಲ್ಲಿ ಪುಸ್ತಕವಿದೆ. ಬಲಮೂಲೆಯಲ್ಲಿ ಕಪ್ಪಗೆ ಒಂದು ಕೊಡೆಯ ಅಂಚು ಇಣುಕಿದೆ. ಅದೇ ಮೈಲ್‌ಸಾಮಿ.

"ಆ ದಿನ ಮನೆಗೆ ಬಂದು ಇವರು ಉಣ್ಣಲಿಲ್ಲ" ಎನ್ನುತ್ತಾರೆ ಪಳನಿಯಮ್ಮ. "ನಾನು ಹೇಳಿದೆ, ಪುಸ್ತಕದ ಮೇಲೆ ಯಾರಾದ್ರೂ ಮುನಿಸ್ಕೊಳ್ತಾರಾ? ಅದಕ್ಕೆ ಬಾಯಿಲ್ಲ, ವಯಿರಿಲ್ಲ ಅಂತ. ಇವರು, ಅದಕ್ಕೆ ಹಾರ ಹಾಕಿದಾರಲ್ಲ ಅಂದ್ರು."

ಕಡ್ಡಿಗಳು ಕದದ ಹಿಂದಿನ ಮೊಳೆಗೆ ಹೋದವು. ಮೈಲ್‌ಸಾಮಿ ಇನ್ನು ಪಟ್ಟಿಯಲ್ಲಿರುವ ಹೊತ್ತನ್ನು ಓದಿಸಿಕೊಂಡು, ಅದರ ಪ್ರಕಾರ ಗಂಟು ಹಾಕಿ ಬಂದರೆ ಸಾಕಿತ್ತು. ಕೆಲಸ ಹಗುರಾಯಿತು, ಮನಸ್ಸು ಭಾರವಾಯಿತು. ಆದರೂ ನಸುಕಿನಲ್ಲಿ ಕಾಲು ತಾನಾಗಿಯೇ ಬೀದಿಗಿಳಿಯುತ್ತಿತ್ತು. ಗೂಟ ನೋಡುವುದು, ಗಿಡ್ಡ ಕಡ್ಡಿಗೆ ಎಳೆ ಕಟ್ಟುವುದು, ಬಂದು ಸುಮ್ಮನೆ ಕೂರುವುದು. ಮಳೆಗಾಲವಾದ್ದರಿಂದ ಪಾವು ಬೀಳುವುದೇ ಅಪರೂಪವಾಗಿ, ಪಟ್ಟಿ ಮೂರು ತಿಂಗಳು ಯಾವ ತೊಡಕೂ ಇಲ್ಲದೆ ನಡೆಯಿತು. ಪುಸ್ತಕ ಯಾವಾಗ ಎಡವುತ್ತದೆಂದು ಅವರು ಕಾಯುತ್ತಿದ್ದರು. ಇದನ್ನು ಅವರೇ ಒಪ್ಪಿಕೊಳ್ಳುತ್ತಾರೆ. "ಆಮಾ, ಕಾಯ್ತಿದ್ದೆ. ಮದುವೆ ಊಟಕ್ಕೆ ಕಾದ ಹಾಗೆ ಕಾಯ್ತಿದ್ದೆ."

ಪುಸ್ತಕ ಎಡವಿದ್ದು ಕುಪ್ಪಮ್ಮನ ಮೇಲೆ.

ಕುಪ್ಪಮ್ಮ ತೆಂಕು ಬೀದಿಯ ವೇಲುಸಾಮಿಯ ಹೆಂಡತಿ. ವೇಲುಸಾಮಿ ಬಣ್ಣದ ಕಮಿಟಿಯ ಸದಸ್ಯರಾಗಿದ್ದವರು, ಆಡಿ ತಿಂಗಳಲ್ಲಿ ಜ್ವರ ಬಂದು ತೀರಿಕೊಂಡರು. ಸಂಘ ಒಂದೊಂದು ಮಗ್ಗಕ್ಕೆ ಕೊಡುವ ನೂಲಿನ ಪಾಲು ಗಂಡಸಿನ ಹೆಸರಿನಲ್ಲಿರುತ್ತದೆ. ಗಂಡಸು ಹೋದರೆ ಪಾಲೂ ಹೋಗುತ್ತದೆ. ಕುಪ್ಪಮ್ಮ ಬಂದು, ಪಾಲನ್ನು ನನ್ನ ಹೆಸರಿಗೆ ಬರೆಯಿರಿ ಎಂದರು. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದವರು ಅರ್ಧ ದಿನ ಗಂಡ, ಅರ್ಧ ದಿನ ಅವರೇ, ಇದು ಬೀದಿಗೆಲ್ಲ ಗೊತ್ತು. ಆದರೂ ಹೆಂಗಸಿನ ಹೆಸರಿಗೆ ಪಾಲು ಎಂಬುದು ಅಲ್ಲಿಯವರೆಗೆ ಆಗಿರಲಿಲ್ಲ. ಪಾಲು ಸಿಗದಿದ್ದರೆ ಮಗ್ಗ ಬಿಚ್ಚಿಟ್ಟು ತಿರುಪ್ಪೂರಿನ ಹತ್ತಿ ಬಿಡಿಸುವ ಮಿಲ್ಲಿಗೆ ಹೋಗಬೇಕು. ಅಲ್ಲಿನ ಧೂಳು ಕುಡಿದು ಕೆಮ್ಮಿಕೊಂಡು ಮರಳಿದವರು ಆ ಬೀದಿಯಲ್ಲೇ ಇಬ್ಬರಿದ್ದರು.

ಅರ್ಜಿ ನೂಲು ಕಮಿಟಿಯ ಮುಂದೆ ಬಂತು. ಏಳು ಸದಸ್ಯರ ಕಮಿಟಿ. ಮೂವರು ಕೊಡಬಾರದೆನ್ನುವವರು. ತಿರುಮಲೈಸಾಮಿ, ಅವರ ತಮ್ಮ, ಇನ್ನಿಬ್ಬರು ಕೊಡಬೇಕೆನ್ನುವವರು. ಎಲ್ಲರೂ ಬಂದರೆ ನಾಲ್ಕಕ್ಕೆ ಮೂರು, ಕುಪ್ಪಮ್ಮನಿಗೆ ಪಾಲು ಸಿಕ್ಕಂತೆಯೇ. ಪುರಂದರ ತಮ್ಮ ಪಟ್ಟಿ ನೋಡಿದರು. ಆ ಶನಿವಾರ ಬೆಳಿಗ್ಗೆ ಏಳಕ್ಕೆ ಬೇರೆ ಯಾವ ಕಮಿಟಿಯೂ ಇಲ್ಲ, ಯಾರಿಗೂ ಎರಡು ಕಡೆ ಕೂರುವ ತೊಂದರೆ ಇಲ್ಲ, ನೇಯುವ ಹೊತ್ತೂ ಹಾಳಾಗುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಅವರು ಆ ಹೊತ್ತು ಇಟ್ಟರು. ಶುಕ್ರವಾರವೇ ಬಂದು ಯಜಮಾನರ ಮನೆಯಲ್ಲಿ ಉಳಿದುಕೊಂಡರು.

ಶನಿವಾರ ನಸುಕಿಗೆ ಮೈಲ್‌ಸಾಮಿ ಬಡಗು ಬೀದಿಗೆ ಬಂದರು. ಹದಿನೈದು ದಿನದ ಮಳೆ ನಿಂತು ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ಗೂಟ ಬಿದ್ದಿತ್ತು. ಪಾವು ತಿರುಮಲೈಸಾಮಿಯದು. ಕುಂಚ ಹಿಡಿದು ನಿಂತವರಲ್ಲಿ ಅವರ ತಮ್ಮನೂ ಇದ್ದರು, ಕುಪ್ಪಮ್ಮನ ಪರವಾದ ಮೂರನೆಯವರೂ ಇದ್ದರು. ಗಂಜಿ ಆಗಲೇ ಬಳಿಯುತ್ತಿದ್ದರು.

"ಮಾಮ, ಕಮಿಟಿ ಅಂತ ಗಂಟು ಹಾಕಿದ್ದೀಯಲ್ಲ, ನಾವು ಬರೋ ತನಕ ನಿಲ್ಲಿಸ್ತಾರಲ್ಲ?" ಎಂದು ಕೇಳಿದರು ತಿರುಮಲೈಸಾಮಿ. ಪಾವು ಬಿದ್ದರೆ ಓಲೆಕಾರ ಹೋಗಿ ಹೇಳುತ್ತಾನೆ, ಕಮಿಟಿ ತಡೆಯುತ್ತದೆ. ಇಪ್ಪತ್ತೊಂದು ವರ್ಷ ನಡೆದು ಬಂದದ್ದು ಹಾಗೆ.

"ವಕೀಲ್ ಸಾಮಿ ಪಟ್ಟಿ ಇದೆ. ಅವರು ನೋಡ್ಕೊಳ್ತಾರೆ" ಎಂದರು ಮೈಲ್‌ಸಾಮಿ.

ಅಷ್ಟೇ ಹೇಳಿ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. ಸಂಘದ ಮನೆ ಅಲ್ಲಿಂದ ಇನ್ನೂರು ಹೆಜ್ಜೆ. ಏಳು ಹೊಡೆಯಿತು. ನಾಲ್ವರು ಬಂದರು. ಪುರಂದರ ಸ್ವಲ್ಪ ಹೊತ್ತು ಕಾದು, ನಿಯಮದ ಪ್ರಕಾರ ನಾಲ್ವರಿದ್ದರೆ ಕಮಿಟಿ ಕೂಡಬಹುದೆಂದು ಓದಿ ಹೇಳಿ, ಕೈಯೆತ್ತಿಸಿದರು. ಒಂದಕ್ಕೆ ಮೂರು. ಕುಪ್ಪಮ್ಮನ ಅರ್ಜಿ ಬಿತ್ತು. ಆ ಹೊತ್ತಿಗೆ ಬಡಗು ಬೀದಿಯಲ್ಲಿ ಮೂರು ಜನ ಅಂಟಿದ ಎಳೆ ಬಿಡಿಸುತ್ತ, ಯಾರೋ ತಮಗಾಗಿ ಕಾಯುತ್ತಿದ್ದಾರೆಂದು ನಂಬಿಕೊಂಡಿದ್ದರು.

ಮೈಲ್‌ಸಾಮಿಗೆ ಆ ದಿನ ಖುಷಿಯಾಯಿತೇ? ಆಯಿತು. ಮಧ್ಯಾಹ್ನದವರೆಗೆ. ತಿರುಮಲೈಸಾಮಿ ಸಂಘದ ಬಾಗಿಲಲ್ಲಿ ನಿಂತು, "ಇದೇನು ಪುಸ್ತಕ, ಇದೇನು ಪಟ್ಟಿ!" ಎಂದು ಕೂಗಾಡಿದ್ದು ಅವರ ಕಿವಿಗೆ ಜೇನು ಹೊಯ್ದಂತಾಯಿತು. ಪುರಂದರ ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದ್ದನ್ನೂ ನೋಡಿ ಬಂದರು. ಎರಡು ಸಲ ಬಡಿಸಿಕೊಂಡು ಉಂಡರು. ಪಳನಿಯಮ್ಮನಿಗೆ ಆಗಲೇ ಏನೋ ಸಂಶಯ.

ಸೋಮವಾರ ಕುಪ್ಪಮ್ಮ ಬಂದರು. ಈ ಸಂಘದಲ್ಲಿ ಒಂದು ಪದ್ಧತಿ ಉಂಟು. ಮಗ್ಗದ ಪಾಲು ನಿಂತರೆ, ಕಡ್ಡಿಯಲ್ಲಿ ತೂಗುವ ಆ ಮನೆಯ ಹುರಿಯನ್ನು ಓಲೆಕಾರ ಬಿಚ್ಚಿ ಮನೆಯವರ ಕೈಗೆ ಕೊಡಬೇಕು. ಕುಪ್ಪಮ್ಮ ಜಗಲಿಯ ಕೆಳಗೆ ನಿಂತು ಸೆರಗು ಚಾಚಿದರು.

"ಅವರ ನೂಲು ಬಿಚ್ಚಿ ಕೊಡಣ್ಣ. ಬ್ಯಾಡ ಅಂದ್ಮೇಲೆ ಅದು ಅಲ್ಲಿ ಯಾಕೆ ತೂಗಾಡಬೇಕು?"

ಮೈಲ್‌ಸಾಮಿ ಕದದ ಹಿಂದಿನಿಂದ ಬಣ್ಣದ ಕಮಿಟಿಯ ಕಡ್ಡಿ ತಂದರು. ನೀಲಿ ಬಿಳಿ ಹುರಿ. ಹನ್ನೆರಡು ವರ್ಷದ ಹಿಂದೆ ವೇಲುಸಾಮಿ ತಮ್ಮ ಮೊದಲ ಹಾಸಿನ ತುದಿಯಿಂದ ಕತ್ತರಿಸಿ ಕೊಟ್ಟದ್ದು. ಗಂಟು ಬಿಚ್ಚಲು ಕುಳಿತರು. ಸಾವಿರ ಗಂಟು ಹಾಕಿ ಬಿಚ್ಚಿದ ಬೆರಳುಗಳು ಆ ಒಂದು ಗಂಟನ್ನು ಇನ್ನಷ್ಟು ಬಿಗಿ ಮಾಡಿದವು. ಕುಪ್ಪಮ್ಮ ಸೆರಗು ಚಾಚಿಕೊಂಡೇ ನಿಂತಿದ್ದರು. ಆಗ ಮೈಲ್‌ಸಾಮಿಯ ಬಾಯಿಂದ ಮಾತು ತಾನಾಗಿ ಬಿತ್ತು.

"ಗೂಟ ನೋಡಿದ್ದೆ ತಂಗಚ್ಚಿ. ಆ ಮೂರು ಮಂದಿ ಪಾವಲ್ಲಿ ಇದ್ದದ್ದು ನಂಗೆ ಗೊತ್ತಿತ್ತು. ಹೋಗಿ ಹೇಳಿದ್ರೆ ನಿಲ್ಲಿಸ್ತಿದ್ರು. ನಾನು ಹೇಳಲಿಲ್ಲ."

"ಯಾಕಣ್ಣ?"

"ಆ ಪುಸ್ತಕ ಬೀಳ್ಲಿ ಅಂತ. ವಯಿತ್ತೆರಿಚ್ಚಲ್, ಹೊಟ್ಟೆಕಿಚ್ಚು."

ಕುಪ್ಪಮ್ಮ ಸೆರಗನ್ನು ಹಿಂದಕ್ಕೆಳೆದುಕೊಂಡರು. "ನಿನ್ ವಯಿರು ಉರಿಯೋಕೆ ನನ್ ತರಿನೇ ಬೇಕಿತ್ತಾಣ್ಣ ಸೌದೆಗೆ?" ಎಂದರು. ತರಿ ಎಂದರೆ ಇಲ್ಲಿನವರ ಬಾಯಲ್ಲಿ ಮಗ್ಗ. ಅಷ್ಟು ಕೇಳಿ, ಹುರಿ ತೆಗೆದುಕೊಳ್ಳದೆ ಹೊರಟುಹೋದರು. ಪಳನಿಯಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದರು. ಸದಾ ತಮಾಷೆ ಮಾಡುವ ಹೆಂಗಸು ಆ ದಿನ ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ತಮಗೆ ಯಾರೂ ಕೊಟ್ಟಿಲ್ಲ ಎನ್ನುತ್ತಾರೆ ಮೈಲ್‌ಸಾಮಿ.

ಮುಂದಿನ ಶನಿವಾರ ಮಹಾಸಭೆ. ಓಲೆಕಾರ ಸಭೆಯಲ್ಲಿ ಬಾಗಿಲ ಬಳಿ ನಿಲ್ಲಬೇಕು, ಮಾತಾಡುವ ಹಕ್ಕಿಲ್ಲ. ಅವರು ಏಳು ಕಡ್ಡಿಗಳನ್ನೂ ಹಿಡಿದು ನಡುವೆ ಬಂದು ನಿಂತಾಗ ನಲವತ್ತೊಂದು ತಲೆ ತಿರುಗಿದವು.

"ಸಾಮಿ, ಹದಿನೇಳನೆ ನಿಯಮ ಒಂದ್ ಸಲ ಓದೀಂಗ."

ಪುರಂದರ ಅಚ್ಚರಿಯಿಂದ ಓದಿದರು. ಒಬ್ಬ ಸದಸ್ಯ ಒಂದೇ ವೇಳೆಗೆ ಎರಡು ಕಮಿಟಿಯಲ್ಲಿ ಕೂರಬೇಕಾಗುವಂತೆ ಸಭೆ ಇಡಬಾರದು. ಇಟ್ಟರೆ, ಯಾರಾದರೂ ಆಕ್ಷೇಪಿಸಿದಲ್ಲಿ, ಅಲ್ಲಿನ ತೀರ್ಮಾನ ರದ್ದಾಗತಕ್ಕದ್ದು.

"ನಾನು ಆಕ್ಷೇಪಿಸ್ತೀನಿ" ಎಂದು ಮೈಲ್‌ಸಾಮಿ ಆ ಶನಿವಾರದ ಪಾವಿನ ಎಳೆ ಕಟ್ಟಿದ ಗಿಡ್ಡ ಕಡ್ಡಿಯನ್ನೂ ನೂಲು ಕಮಿಟಿಯ ಕಡ್ಡಿಯನ್ನೂ ಒತ್ತಟ್ಟಿಗೆ ಎತ್ತಿ ಹಿಡಿದರು. ಮೂರು ಹುರಿ ಎರಡರಲ್ಲೂ ತೂಗುತ್ತಿದ್ದವು. "ಇದು ಬೆನ್ನು ಕೆರೆಯೋ ಕಡ್ಡಿ ಅಲ್ಲ ಸಾಮಿ. ಅವತ್ತು ಪೊಯ್ ಹೇಳಿದೆ. ಇದು ಪಾವು. ಪಾವೂ ಕಮಿಟಿನೇ."

ಕೊಡಬಾರದೆಂದಿದ್ದ ಮೂವರಲ್ಲಿ ಒಬ್ಬರು ಗಟ್ಟಿಯಾಗಿ ನಕ್ಕರು. "ಪಾವು ಕಮಿಟಿಯಾ? ಅದಕ್ಕೆ ಅಧ್ಯಕ್ಷ ಯಾರು, ಗಂಜಿ ಮಡಕೆನಾ?"

ಸಭೆಯೆಲ್ಲ ನಕ್ಕಿತು. ಯಜಮಾನ ಅಂಗಪ್ಪನ್ ಮಾತ್ರ ನಗಲಿಲ್ಲ. ಕೈಯೆತ್ತಿ ನಗು ನಿಲ್ಲಿಸಿ ಮೈಲ್‌ಸಾಮಿಯನ್ನು ಕೇಳಿದರು. "ಪಾವಿಗೆ ಎಷ್ಟ್ ಮಂದಿ ಬೇಕು?"

"ಎಂಟು, ಯಜಮಾನ್ರೇ."

"ಒಬ್ಬ ಎದ್ದು ಹೋದ್ರೆ?"

"ಪಾವು ಕೆಟ್ಟೋಗುತ್ತೆ."

"ನಮ್ ಕಮಿಟಿಲಿ ಮೂರು ಮಂದಿ ಬರದೇ ಇದ್ರೂ ನಡೆಯುತ್ತೆ. ಪಾವಲ್ಲಿ ಒಬ್ಬ ಬರದಿದ್ರೂ ನಡೆಯಲ್ಲ. ಯಾವುದು ದೊಡ್ಡ ಕಮಿಟಿ, ನೀನೇ ಹೇಳಪ್ಪ" ಎಂದು ಮೊದಲು ನಕ್ಕವರ ಕಡೆ ತಿರುಗಿದರು ಅಂಗಪ್ಪನ್.

ಪುರಂದರ ಪುಸ್ತಕ ಮುಚ್ಚಿ ಮೈಲ್‌ಸಾಮಿಯನ್ನೇ ನೋಡುತ್ತಿದ್ದರು. "ನಿಮಗೆ ಅವತ್ತೇ ಗೊತ್ತಿತ್ತೇ?"

"ಗೊತ್ತಿತ್ತು ಸಾಮಿ. ನಿಮ್ಗೆ ಹಾರ ಹಾಕಿದ್ರಲ್ಲ, ಅದು ನಂಗೆ ತಾಳಲಿಲ್ಲ. ಓಲೆಕಾರ್‌ಕೆ ಬಿಡಿಸೋದಾದ್ರೆ ಬಿಡಿಸೀಂಗ. ಆದ್ರೆ ಆ ಹೆಣ್ಣಿನ ಅರ್ಜಿ ಇನ್ನೊಂದ್ ಸಲ ಕೂರಿಸೀಂಗ."

ಓಲೆಕಾರಿಕೆ ಬಿಡಿಸಬೇಕೆಂದು ಇಬ್ಬರು ಎದ್ದು ಹೇಳಿದರು. ಪುರಂದರ ಅವರನ್ನು ಕೂರಿಸಿ, "ತಪ್ಪು ನನ್ನದೂ ಇದೆ. ಏಳು ಕಡ್ಡಿ ಕಂಡೂ ಆರನ್ನೇ ಬರೆದುಕೊಂಡೆ" ಎಂದರು. ಆ ಮಾತಿಗೆ ಮೈಲ್‌ಸಾಮಿಯ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ. ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳಲೂ ಇವನಿಗೇ ಬರಬೇಕೇ ಎಂದು ಇನ್ನಷ್ಟು ಉರಿಯಿತಂತೆ.

ಹಳೆಯ ತೀರ್ಮಾನ ರದ್ದಾಯಿತು. ನಾಲ್ಕು ದಿನ ಬಿಟ್ಟು, ಗೂಟವಿಲ್ಲದ ಬೆಳಿಗ್ಗೆ ನೋಡಿ, ಮೈಲ್‌ಸಾಮಿ ಏಳು ಅಗುಳಿಗೆ ಒಂದೊಂದು ಗಂಟು ಹಾಕಿ ಬಂದರು. ಏಳೂ ಜನ ಬಂದರು. ನಾಲ್ಕಕ್ಕೆ ಮೂರು. ಪಾಲು ಕುಪ್ಪಮ್ಮನ ಹೆಸರಿಗೆ ಆಯಿತು. ಆ ಸಂಜೆ ಅವರು ತಮ್ಮ ಮಗ್ಗದಿಂದ ಒಂದು ಕೆಂಪು ಎಳೆ ತಂದು ಜಗಲಿಯ ಮೇಲಿಟ್ಟು ಹೋದರು. ಮೈಲ್‌ಸಾಮಿ ಅದನ್ನು ನೀಲಿ ಬಿಳಿಯ ಜೊತೆ ಹುರಿ ಮಾಡಿದರು. ಚೀಲದಲ್ಲಿ ಮೂರು ಎಳೆಯ ಹುರಿ ಅದೊಂದೇ. ಕುಪ್ಪಮ್ಮ ಅವರನ್ನು ಅಣ್ಣ ಎಂದು ಮತ್ತೆ ಕರೆದದ್ದು ಪೊಂಗಲ್ ಕಳೆದ ಮೇಲೆ.

ಪುಸ್ತಕಕ್ಕೆ ಈಗ ಇಪ್ಪತ್ತನಾಲ್ಕನೆಯ ನಿಯಮ ಸೇರಿದೆ. ಬೀದಿಯಲ್ಲಿ ಪಾವು ಬಿದ್ದಿರುವಾಗ ಕುಂಚ ಹಿಡಿದವರು ಕಮಿಟಿಯಲ್ಲಿ ಕುಳಿತಿದ್ದಾರೆಂದೇ ತಿಳಿಯತಕ್ಕದ್ದು. ಸುತ್ತಲಿನ ಮೂರು ಸಂಘಗಳು ಅದನ್ನು ಬರೆಸಿಕೊಂಡು ಹೋಗಿವೆ. ಕಾಂಗೇಯದಿಂದ ಬಂದ ಹಿರಿಯರೊಬ್ಬರು, "ವಕೀಲರ ಬುದ್ಧಿಯೇ ಬುದ್ಧಿ!" ಎಂದು ಮೈಲ್‌ಸಾಮಿಯ ಎದುರಿಗೇ ಹೊಗಳಿದರು. ಅವರಿಗೆ ನೀರು ತಂದುಕೊಟ್ಟವರು ಮೈಲ್‌ಸಾಮಿ. "ಚೊಂಬು ತಲೆ ಮೇಲೆ ಸುರೀಲಾ ಅನ್ನಿಸ್ತು. ಸುರೀಲಿಲ್ಲ. ಅಷ್ಟು ಸುಧಾರಿಸಿದ್ದೀನುಂಗ" ಎನ್ನುತ್ತಾರೆ.

ಒಂದು ಮಾತ್ರ ಬದಲಾಗಿದೆ. ಈಗ ಶನಿವಾರ ಬಸ್ಸಿಳಿದು ಬಂದ ಪುರಂದರ ಗೋಡೆಯ ಪಟ್ಟಿ ನೋಡುವ ಮುಂಚೆ ಬಾಗಿಲ ಕಡೆ ತಿರುಗುತ್ತಾರೆ. "ಮೈಲ್‌ಸಾಮಿಯವರೇ, ಗೂಟ ಬಿದ್ದಿದೆಯೇ?" ಎಂದು ಕೇಳುತ್ತಾರೆ. ಮೈಲ್‌ಸಾಮಿ ಚೀಲ ಬಿಚ್ಚಿ, ಗಿಡ್ಡ ಕಡ್ಡಿ ತೆಗೆದು, ಬೇಕಂತಲೇ ಎರಡು ಸಲ ಎಣಿಸುತ್ತಾರೆ. ಅಲ್ಲಿಯವರೆಗೆ ಪುಸ್ತಕ ಮುಚ್ಚಿಕೊಂಡೇ ಇರುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೈಲ್‌ಸಾಮಿ ನಾಚಿಕೊಂಡು ಹೆಂಡತಿಯ ಮುಖ ನೋಡುತ್ತಾರೆ. ಮುಂದಿನ ತಿಂಗಳು ವಾರ್ಷಿಕ ಸಭೆ, ಮತ್ತೆ ಫೋಟೋದವರು ಬರುತ್ತಾರೆ. "ಈ ಸಲ ಕೊಡೆ ಬೇರೆ ಯಾರ್ ಕೈಗಾದ್ರೂ ಕೊಡ್ಲಿ. ನಾನು ಕೂರಲ್ಲ, ಕೊನೇಲಿ ನಿಂತ್ಕೊಳ್ತೀನಿ. ಕಡ್ಡಿ ಏಳೂ ಹಿಡ್ಕೊಂಡು."

ಪಳನಿಯಮ್ಮ ಒಲೆಯ ಮುಂದಿನಿಂದಲೇ ತಿವಿಯುತ್ತಾರೆ. "ಫೋಟೋಲಿ ಎಲ್ಲಾ ಕರಿ ಬಿಳಿ. ಯಾರ್ ನೂಲು ಯಾವುದು ಅಂತ ಯಾರಿಗೆ ತಿಳಿಯುತ್ತೆ? ನಿಮ್ ಬಣ್ಣ ಒಂದೂ ಕಾಣಲ್ಲ."

ಮೈಲ್‌ಸಾಮಿ ಏಳನೆಯ ಕಡ್ಡಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ, ಎಳೆಗಳನ್ನು ನೇರ ಮಾಡಿ, ಚೀಲದೊಳಗಿಡುತ್ತಾರೆ.

"ಬಣ್ಣ ಕಾಣದಿದ್ರೆ ಬಿಡು. ಗಂಟು ಕಾಣುತ್ತೆ."